ಪಟ್ಟಿಯಲ್ಲಿ ಮೂವರು ನರ್ಸ್, ಪಿಎಚ್‌ಸಿಯಲ್ಲಿ ಒಬ್ಬರೇ: ಸಿಬ್ಬಂದಿ ಮಾಹಿತಿ ಆನ್‌ಲೈನ್ ಆದರೆ ಸರಿಹೋಗುತ್ತದಾ?

ಪ್ರಶ್ನೆ: ಮೇಡಂ, ನಾನು ಸಿಂಧನೂರು ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿ ಸದಸ್ಯೆ. ನಮ್ಮ ಪಿಎಚ್‌ಸಿಗೆ (ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ) 24 ಗಂಟೆ ಹೆರಿಗೆ ಸೌಲಭ್ಯ ಅಂತ ಬೋರ್ಡ್ ಇದೆ. ಮೂರು ನರ್ಸ್ ಹುದ್ದೆ. ಸಭೆಗೆ ತಂದ ಪಟ್ಟಿಯಲ್ಲಿ ಮೂರೂ ಭರ್ತಿ ಅಂತಿದೆ. ನಿಜವಾಗಿ ಇರೋದು ಒಬ್ಬರೇ ಸಿಸ್ಟರ್. ಅವರು ಸಂಜೆ ಮನೆಗೆ ಹೋದ ಮೇಲೆ ನೋವು ಬಂದವರನ್ನು 108ರಲ್ಲಿ ಸಿಂಧನೂರಿಗೆ ಕಳಿಸೋದೇ ಗತಿ. ಕೇಳಿದರೆ, "ಸಿಬ್ಬಂದಿ ಮಾಹಿತಿ ಎಲ್ಲಾ ಆನ್‌ಲೈನ್ ಆಗ್ತಿದೆ, ಆಮೇಲೆ ಸರಿಹೋಗುತ್ತೆ" ಅಂತಾರೆ. ಆಫ್ರಿಕಾದ ದೇಶಗಳಲ್ಲೂ ಹೀಗೇ ಮಾಡಿದ್ದಾರಂತೆ. ಅಲ್ಲಿ ಉಪಯೋಗ ಆಗಿದೆಯಾ? ನಮ್ಮ ಕಡೆ ಆಗುತ್ತಾ? ನಾವು ಏನು ಕೇಳಬೇಕು?

ಉತ್ತರ:

ಉಪಯೋಗ ಆಗಿದೆ. ಕೆಲವು ಕಡೆ ಚೆನ್ನಾಗಿಯೇ ಆಗಿದೆ. ಆದರೆ ಬರೀ ಆನ್‌ಲೈನ್ ಮಾಡಿದ್ದರಿಂದ ಆಗಿಲ್ಲ. ಆ ಮಾಹಿತಿ ನೋಡಿ ಅಧಿಕಾರ ಇರುವವರು ಒಂದು ತೀರ್ಮಾನಕ್ಕೆ ಬಂದ ಕಡೆ ಮಾತ್ರ ಆಗಿದೆ. ಇಲ್ಲಿಗೆ ಇನ್ನೊಬ್ಬರು ಬೇಕು, ಈ ನಿಯೋಜನೆ ರದ್ದಾಗಲಿ, ಇವರ ಸಂಬಳ ನಿಂತಿದೆ ಬಿಡುಗಡೆ ಮಾಡಿ, ಇಂಥ ತೀರ್ಮಾನಗಳು. ನಿಮ್ಮ ಪಿಎಚ್‌ಸಿಯನ್ನೇ ಹಿಡಿದು ಹೇಳುತ್ತೇನೆ.

ಒಬ್ಬರಿರುವ ಕಡೆ ಮೂವರು ಅಂತ ಯಾಕೆ ಬರುತ್ತದೆ? ಪಟ್ಟಿ ಮಾಡಿದವರು ಸುಳ್ಳು ಬರೆದಿದ್ದಾರೆ ಅಂತ ತಿಳಿಯಬೇಡಿ. ನಮ್ಮಲ್ಲಿ ಪಟ್ಟಿ ಶುರುವಾಗುವುದೇ ಹುದ್ದೆಯಿಂದ. ಮಂಜೂರು ಎಷ್ಟು, ಭರ್ತಿ ಎಷ್ಟು, ಖಾಲಿ ಎಷ್ಟು ಅಂತ ಮೂರು ಕಾಲಂ. ಯಾರ ಸಂಬಳ ನಿಮ್ಮ ಪಿಎಚ್‌ಸಿಯ ಹುದ್ದೆಯ ಮೇಲೆ ಆಗುತ್ತದೋ ಅವರು ನಿಮ್ಮಲ್ಲಿ ಭರ್ತಿ. ಅವರಲ್ಲಿ ಒಬ್ಬರು ನಿಯೋಜನೆ ಮೇಲೆ ಬೇರೆ ಆಸ್ಪತ್ರೆಯಲ್ಲಿ ಇರಬಹುದು. ಇನ್ನೊಬ್ಬರು ಹೆರಿಗೆ ರಜೆಯಲ್ಲಿ ಇರಬಹುದು. ಸಂಬಳದ ಲೆಕ್ಕದಲ್ಲಿ ಇಬ್ಬರೂ ನಿಮ್ಮವರೇ. ನಿಯೋಜನೆ ಆಗುವುದು ಬಹಳ ಸಲ ಒಂದು ಪತ್ರದ ಮೇಲೆ. ಆ ಪತ್ರ ಫೈಲಿನಲ್ಲಿ ಉಳಿಯುತ್ತದೆ. ಹೀಗೆ ನಿಮಗೆ ಎರಡು ಕಡೆಯಿಂದ ಪೆಟ್ಟು. ಇದ್ದ ನರ್ಸ್ ಹೋದರು. ಹುದ್ದೆ ಖಾಲಿ ಅಂತ ಕಾಣದ ಕಾರಣ ಹೊಸಬರೂ ಬರುವುದಿಲ್ಲ.

ಇನ್ನೊಂದು ತೊಡಕು ಇದೆ. ಒಂದೇ ಪಿಎಚ್‌ಸಿಯ ಸಿಬ್ಬಂದಿ ಒಂದೇ ಪಟ್ಟಿಯಲ್ಲಿ ಇರುವುದಿಲ್ಲ. ಕಾಯಂ ನೌಕರರು ರಾಜ್ಯದ ಸಂಬಳದ ತಂತ್ರಾಂಶ ಎಚ್‌ಆರ್‌ಎಂಎಸ್‌ನಲ್ಲಿ, ಸರ್ಕಾರಿ ವಿಮೆಯ ಕೆಜಿಐಡಿ ನಂಬರಿನ ಜೊತೆ ಇರುತ್ತಾರೆ. ರಾಷ್ಟ್ರೀಯ ಆರೋಗ್ಯ ಅಭಿಯಾನದ (ಎನ್‌ಎಚ್‌ಎಂ) ಗುತ್ತಿಗೆಯವರದ್ದು ಬೇರೆ ಲೆಕ್ಕ. ಹೊರಗುತ್ತಿಗೆಯವರ ಹೆಸರು ಏಜೆನ್ಸಿಯ ಹತ್ತಿರ. ಆಶಾ ಕಾರ್ಯಕರ್ತೆಯರು ನೌಕರರೇ ಅಲ್ಲ ಅಂತ ಇನ್ನೊಂದು ಪೋರ್ಟಲ್‌ನಲ್ಲಿ. ನರ್ಸ್‌ಗಳ ನೋಂದಣಿ ನರ್ಸಿಂಗ್ ಕೌನ್ಸಿಲ್‌ನಲ್ಲಿ. ಯಾರಿಗೆ ಯಾವ ತರಬೇತಿ ಆಗಿದೆ ಅನ್ನುವುದು ತರಬೇತಿ ಕೇಂದ್ರದ ರಿಜಿಸ್ಟರಿನಲ್ಲಿ. ಈ ಪಟ್ಟಿಗಳು ಒಂದಕ್ಕೊಂದು ಮಾತಾಡುವುದಿಲ್ಲ. ಗುತ್ತಿಗೆ ನರ್ಸ್ ಕೆಲಸ ಬಿಟ್ಟು ಕಾಯಂ ನೌಕರಿಗೆ ಸೇರಿದರೆ ಎರಡು ಪಟ್ಟಿಯಲ್ಲಿ ಇಬ್ಬರಾಗಿ ಉಳಿಯಬಹುದು.

ಹಾಗಾಗಿ ಒಳ್ಳೆಯ ವ್ಯವಸ್ಥೆಯ ಮೊದಲ ಗುಣ ಒಬ್ಬರಿಗೆ ಒಂದೇ ನಂಬರ್, ಒಂದೇ ದಾಖಲೆ. ಆ ದಾಖಲೆಯಲ್ಲಿ ಹುದ್ದೆ ಎಲ್ಲಿದೆ, ಕೆಲಸ ಎಲ್ಲಿ ಮಾಡುತ್ತಿದ್ದಾರೆ ಅನ್ನುವುದು ಎರಡು ಬೇರೆ ಕಾಲಂ ಆಗಿರಬೇಕು. ನನ್ನ ಪ್ರಕಾರ ಇದೊಂದು ಕಾಲಂ ಸರಿಯಾದರೆ ರಾಯಚೂರು, ಕೊಪ್ಪಳದಂಥ ಜಿಲ್ಲೆಗಳಲ್ಲಿ ಅರ್ಧ ಜಗಳ ಮುಗಿಯುತ್ತದೆ. ನರ್ಸ್‌ಗಳಿಗೆ ಭಾರತೀಯ ನರ್ಸಿಂಗ್ ಕೌನ್ಸಿಲ್ ಒಂದು ರಾಷ್ಟ್ರೀಯ ನಂಬರ್ ಕೊಡುತ್ತದೆ. 2021ರಲ್ಲಿ ಶುರುವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಅಡಿಯಲ್ಲಿ ಆರೋಗ್ಯ ವೃತ್ತಿಪರರ ನೋಂದಣಿಯೂ ಇದೆ. ಎರಡೂ ಬೇಕಾದವೇ. ಆದರೆ ಇವರು ಓದಿದವರು, ನೋಂದಾಯಿತರು ಅಂತಷ್ಟೇ ಅವು ಹೇಳುತ್ತವೆ. ಇವತ್ತು ರಾತ್ರಿ ನಿಮ್ಮ ಹೆರಿಗೆ ಕೋಣೆಯಲ್ಲಿ ಯಾರಿದ್ದಾರೆ ಅನ್ನುವುದನ್ನು ಹೇಳುವುದಿಲ್ಲ.

ಈಗ ಬೇರೆ ದೇಶಗಳ ಕಡೆ ಬರೋಣ. 2006ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂದು ಲೆಕ್ಕ ಕೊಟ್ಟಿತು. ಸಾವಿರ ಜನರಿಗೆ ವೈದ್ಯರು, ನರ್ಸ್, ಸೂಲಗಿತ್ತಿ ನರ್ಸ್ ಸೇರಿ 2.28 ಜನ ಇಲ್ಲದ ಕಡೆ ಸುರಕ್ಷಿತ ಹೆರಿಗೆಯಂಥ ಮೂಲ ಸೇವೆಯನ್ನೂ ಎಲ್ಲರಿಗೆ ಮುಟ್ಟಿಸುವುದು ಕಷ್ಟ ಅಂತ. ತೀವ್ರ ಕೊರತೆಯ 57 ದೇಶಗಳ ಪಟ್ಟಿಯಲ್ಲಿ ಭಾರತವೂ ಇತ್ತು. ಆಗ ಎದ್ದು ಕಂಡ ಇನ್ನೊಂದು ಕೊರತೆ ಮಾಹಿತಿಯದ್ದು. ಎಷ್ಟೋ ಸರ್ಕಾರಗಳಿಗೆ ತಮ್ಮ ಹತ್ತಿರ ಎಷ್ಟು ನರ್ಸ್ ಇದ್ದಾರೆ, ಎಲ್ಲಿದ್ದಾರೆ ಅಂತಲೇ ಖಚಿತವಾಗಿ ಗೊತ್ತಿರಲಿಲ್ಲ. ಅದೇ ಹೊತ್ತಿಗೆ ಇಂಟ್ರಾಹೆಲ್ತ್ ಸಂಸ್ಥೆ ಅಮೆರಿಕದ ವಿದೇಶಿ ನೆರವು ಸಂಸ್ಥೆ ಯುಎಸ್‌ಎಐಡಿ ಹಣದಲ್ಲಿ, ಆರೋಗ್ಯ ಸಿಬ್ಬಂದಿಯ ದಾಖಲೆ ಇಡುವ ಐಎಚ್‌ಆರ್‌ಐಎಸ್ ಅನ್ನುವ ಸಾಫ್ಟ್‌ವೇರ್ ಮಾಡಿ, ಯಾರು ಬೇಕಾದರೂ ಪುಕ್ಕಟೆ ಬಳಸುವಂತೆ ಬಿಟ್ಟಿತು. ಉಗಾಂಡಾ, ಟಾಂಜಾನಿಯಾದಂಥ ದೇಶಗಳು ಅದನ್ನು ತೆಗೆದುಕೊಂಡವು.

ಉಗಾಂಡಾದ ಕಥೆ ನಿಮಗೆ ಉಪಯೋಗಕ್ಕೆ ಬರುತ್ತದೆ. ಅಲ್ಲಿ ಮಂಜೂರಾದ ಹುದ್ದೆಗಳಲ್ಲಿ ದೊಡ್ಡ ಪಾಲು ಖಾಲಿ ಅನ್ನುವುದು ಜಿಲ್ಲೆವಾರು ಅಂಕಿಗಳಲ್ಲಿ ಕಂಡಿತು. ಆ ಅಂಕಿ ಮಂತ್ರಾಲಯದ ಕಪಾಟಿನಲ್ಲಿ ಉಳಿಯಲಿಲ್ಲ. ತಾಯಂದಿರ ಸಾವಿನ ಬಗ್ಗೆ ದನಿ ಎತ್ತಿದ್ದ ಸಂಘಟನೆಗಳು, ಸಂಸದರು ಅದನ್ನು ಹಿಡಿದುಕೊಂಡರು. 2012ರಲ್ಲಿ ಆರೋಗ್ಯ ಸಿಬ್ಬಂದಿಗೆ ಹಣ ಇಡದೆ ಬಜೆಟ್ ಪಾಸು ಮಾಡುವುದಿಲ್ಲ ಅಂತ ಪಾರ್ಲಿಮೆಂಟಿನಲ್ಲಿ ಪಟ್ಟು ಹಿಡಿದರು. ಕೊನೆಗೆ 4,950 ಕೋಟಿ ಉಗಾಂಡಾ ಶಿಲ್ಲಿಂಗ್ ಸಿಕ್ಕಿತು. ಹಳ್ಳಿ ಕಡೆಯ ಆರೋಗ್ಯ ಕೇಂದ್ರಗಳಿಗೆ ಸಾವಿರಾರು ಜನರ ನೇಮಕಾತಿ ನಡೆಯಿತು. ಅಲ್ಲಿನ ಡಾಕ್ಟರುಗಳ ಸಂಬಳವೂ ಏರಿತು. ಸಾಫ್ಟ್‌ವೇರ್ ಒಂದೇ ಇಷ್ಟು ಮಾಡುತ್ತಿತ್ತಾ? ಇಲ್ಲ. ಅಂಕಿ ಇಲ್ಲದೆ ಆ ಪಟ್ಟು ನಿಲ್ಲುತ್ತಿತ್ತಾ? ಅದೂ ಕಷ್ಟವಿತ್ತು.

ಸಿಯೆರಾ ಲಿಯೋನ್ 2010ರ ಏಪ್ರಿಲ್‌ನಲ್ಲಿ ಗರ್ಭಿಣಿಯರಿಗೆ, ಬಾಣಂತಿಯರಿಗೆ, ಐದು ವರ್ಷದೊಳಗಿನ ಮಕ್ಕಳಿಗೆ ಉಚಿತ ಚಿಕಿತ್ಸೆ ಶುರು ಮಾಡಿತು. ಅದಕ್ಕೂ ಮೊದಲು ಸಂಬಳದ ಪಟ್ಟಿ ಶುದ್ಧ ಮಾಡಿದರು. ಕೆಲಸದಲ್ಲೇ ಇಲ್ಲದ ನೂರಾರು ಹೆಸರು ತೆಗೆದರು. ಸಂಬಳವಿಲ್ಲದೆ ದುಡಿಯುತ್ತಿದ್ದವರನ್ನು ಪಟ್ಟಿಗೆ ಸೇರಿಸಿದರು. ಜೊತೆಗೆ ಸಂಬಳವನ್ನೂ ಚೆನ್ನಾಗಿ ಏರಿಸಿದರು. ಹೆಸರು ತೆಗೆಯುವುದು, ಸೇರಿಸುವುದು, ಸಂಬಳ ಏರಿಸುವುದು ಒಟ್ಟಿಗೇ ನಡೆಯಿತು ನೋಡಿ. ಬರೀ ಕಳ್ಳರನ್ನು ಹಿಡಿಯಲು ಪಟ್ಟಿ ಮಾಡಿದ್ದರೆ ಕೆಲಸ ಮಾಡುವವರು ಸಹಕಾರ ಕೊಡುತ್ತಿರಲಿಲ್ಲ.

2014ರ ಎಬೋಲಾ ಹೊತ್ತಿನಲ್ಲಿ ಲೈಬೀರಿಯಾ ಇದೇ ಐಎಚ್‌ಆರ್‌ಐಎಸ್‌ನ ಸಿಬ್ಬಂದಿ ದಾಖಲೆಯನ್ನು ಮೊಬೈಲ್ ಎಸ್‌ಎಂಎಸ್‌ಗೆ ಜೋಡಿಸಿತು. ಮಂತ್ರಾಲಯ ಹಳ್ಳಿಯ ನರ್ಸ್‌ಗೆ ನೇರ ಸಂದೇಶ ಕಳಿಸಬಹುದಿತ್ತು, ನರ್ಸ್ ಉತ್ತರಿಸಬಹುದಿತ್ತು. ನಮ್ಮ ಕಡೆಗೆ ಹೇಳುವುದಾದರೆ, ನಾರಾಯಣಪುರ ಡ್ಯಾಮಿನಿಂದ ನೀರು ಬಿಟ್ಟು ಶೀಲಹಳ್ಳಿ ಸೇತುವೆ ಮುಳುಗಿದಾಗ ಕೃಷ್ಣೆಯ ನಡುಗಡ್ಡೆಗಳ ಕಡೆ ಯಾವ ಆಶಾ ಇದ್ದಾರೆ, ಯಾವ ನರ್ಸ್ ಹೊಳೆಯ ಈಚೆ ಸಿಕ್ಕಿಕೊಂಡಿದ್ದಾರೆ ಅನ್ನುವುದು ಐದು ನಿಮಿಷದಲ್ಲಿ ತಿಳಿಯಬೇಕು. ನಂಬರ್ ಹುಡುಕುತ್ತಾ ಕೂರುವ ಹೊತ್ತಲ್ಲ ಅದು.

ಒಂದು ಎಚ್ಚರಿಕೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. 2025ರಲ್ಲಿ ಯುಎಸ್‌ಎಐಡಿ ಮುಚ್ಚಿತು. ಹೊರಗಿನ ಹಣದ ಮೇಲೆ ನಿಂತ ಮಾಹಿತಿ ವ್ಯವಸ್ಥೆ ಆ ಹಣದ ಜೊತೆಗೇ ಅಲುಗಾಡುತ್ತದೆ. ದಾಖಲೆ ತಿದ್ದುವ ಕೆಲಸಗಾರರ ಸಂಬಳ ನಮ್ಮದೇ ಬಜೆಟ್ಟಿನಲ್ಲಿ ಇರಬೇಕು.

ಇನ್ನು ಸೋತ ಕಡೆಗಳು. ನಮ್ಮ ದೇಶದಲ್ಲೇ ಎರಡು ಒಳ್ಳೆಯ ಅಧ್ಯಯನ ಆಗಿವೆ. ಎರಡೂ ಹಾಜರಾತಿಯ ಬಗ್ಗೆ. ಮೊದಲನೆಯದು ರಾಜಸ್ಥಾನದ ಉದಯಪುರದ್ದು. ಸೇವಾ ಮಂದಿರ ಸಂಸ್ಥೆಯೂ ಜಿಲ್ಲಾಡಳಿತವೂ ಸೇರಿ ಉಪಕೇಂದ್ರದ ನರ್ಸ್‌ಗಳು ಬಂದ ದಿನ ಯಂತ್ರದಲ್ಲಿ ಸಮಯದ ಮುದ್ರೆ ಒತ್ತುವಂತೆ ಮಾಡಿದರು. ಗೈರಾದರೆ ಸಂಬಳ ಕಡಿತ ಅಂದರು. ಮೊದಲ ಕೆಲವು ತಿಂಗಳು ಹಾಜರಾತಿ ಚೆನ್ನಾಗಿ ಏರಿತು. ಆಮೇಲೆ ಮೀಟಿಂಗ್, ಸರ್ವೆ, ಬೇರೆ ಕೆಲಸ ಅಂತ ವಿನಾಯಿತಿ ದಿನಗಳು ಜಾಸ್ತಿಯಾಗುತ್ತಾ ಹೋದವು. 16 ತಿಂಗಳ ಹೊತ್ತಿಗೆ ಯಂತ್ರ ಇದ್ದ ಕಡೆಗೂ ಇಲ್ಲದ ಕಡೆಗೂ ವ್ಯತ್ಯಾಸವೇ ಉಳಿಯಲಿಲ್ಲ. ಯಂತ್ರ ಕೆಟ್ಟಿರಲಿಲ್ಲ. ವಿನಾಯಿತಿಗೆ ಸಹಿ ಬೀಳುತ್ತಿತ್ತು, ಅಷ್ಟೇ. ಇದನ್ನು ಬರೆದವರು ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ, ರಾಚೆಲ್ ಗ್ಲೆನರ್‌ಸ್ಟರ್.

ಎರಡನೆಯದು ನಮ್ಮ ಕರ್ನಾಟಕದ್ದೇ. ಇಕ್ಬಾಲ್ ಧಾಲಿವಾಲ್ ಮತ್ತು ರೇಮಾ ಹನ್ನಾ ಐದು ಜಿಲ್ಲೆಗಳ 322 ಪಿಎಚ್‌ಸಿಗಳನ್ನು ತೆಗೆದುಕೊಂಡರು. ಅದರಲ್ಲಿ 140 ಕಡೆ ಬೆರಳಚ್ಚಿನ ಹಾಜರಾತಿ ಬಂತು. ನರ್ಸ್, ಲ್ಯಾಬ್ ಟೆಕ್ನೀಷಿಯನ್, ಫಾರ್ಮಸಿಸ್ಟ್ ಇವರ ಹಾಜರಾತಿ ಏರಿತು. ಆ ಕಡೆ ಹುಟ್ಟಿದ ಮಕ್ಕಳ ತೂಕವೂ ಸುಧಾರಿಸಿತು, ಇದು ಸಣ್ಣ ವಿಷಯವಲ್ಲ. ಆದರೆ ಡಾಕ್ಟರುಗಳ ಹಾಜರಾತಿ ಏರಲಿಲ್ಲ. ಗೈರಾದವರಿಗೆ ದಂಡವಾಗಲಿ, ಬಂದವರಿಗೆ ಬಹುಮಾನವಾಗಲಿ ಪೂರ್ತಿ ಜಾರಿಗೆ ಬರಲಿಲ್ಲ. ಮೊದಲೇ ಡಾಕ್ಟರ್ ಸಿಗುವುದಿಲ್ಲ, ಬಿಗಿ ಮಾಡಿದರೆ ಇರುವವರೂ ಬಿಟ್ಟು ಹೋಗುತ್ತಾರೆ ಅನ್ನುವ ಅಂಜಿಕೆ ಇತ್ತು.

ನಿಮ್ಮ ಊರಿನಲ್ಲಿ ಆನ್‌ಲೈನ್ ಅಂದ ಕೂಡಲೇ ಜನ ಬೆರಳಚ್ಚು ಯಂತ್ರವನ್ನೇ ನೆನೆಸಿಕೊಳ್ಳುತ್ತಾರೆ. ಹಾಜರಾತಿ ಯಂತ್ರ ಬೇರೆ, ಸಿಬ್ಬಂದಿ ಮಾಹಿತಿ ವ್ಯವಸ್ಥೆ ಬೇರೆ. ಒಬ್ಬರೇ ಇರುವ ಪಿಎಚ್‌ಸಿಯಲ್ಲಿ ಆ ಒಬ್ಬರ ಬೆರಳು ಎಷ್ಟು ಗಂಟೆಗೆ ಬಿತ್ತು ಅಂತ ನೋಡಿ ಏನು ಮಾಡುತ್ತೀರಿ? ಉಳಿದಿಬ್ಬರು ಎಲ್ಲಿ ಅನ್ನುವುದೇ ಮೊದಲ ಪ್ರಶ್ನೆ.

ಎರಡನೆಯ ಪ್ರಶ್ನೆ, ಮೂವರು ಬಂದರೂ ಸಾಕಾಗುತ್ತದಾ? ಸ್ವಲ್ಪ ಲೆಕ್ಕ ಹಾಕೋಣ. ದಿನಕ್ಕೆ ಎಂಟು ಗಂಟೆಯ ಮೂರು ಪಾಳಿ. ವರ್ಷಕ್ಕೆ 365 ಗುಣಿಸು 3, ಅಂದರೆ 1,095 ಪಾಳಿ. ಒಬ್ಬ ನರ್ಸ್ ವರ್ಷಕ್ಕೆ ಎಷ್ಟು ಪಾಳಿ ಮಾಡಬಹುದು? ವಾರಕ್ಕೊಂದರಂತೆ 52 ರಜೆ ಕಳೆದರೆ 313 ದಿನ. ಹಬ್ಬದ ರಜೆ, ಸಿಎಲ್, ಗಳಿಕೆ ರಜೆ, ತರಬೇತಿ, ಮೀಟಿಂಗ್ ತೆಗೆದರೆ ಹೆಚ್ಚುಕಡಿಮೆ 250. ಮೂವರು ಸೇರಿದರೆ 750. ಇನ್ನೂ 345 ಪಾಳಿಗೆ ಯಾರೂ ಇಲ್ಲ. ದಿನಕ್ಕೆ ಸುಮಾರು ಒಂದು ಪಾಳಿ ಖಾಲಿ. ಅದು ರಾತ್ರಿ ಪಾಳಿಯೇ ಆಗಿರುತ್ತದೆ ಅಂತ ನಾನು ಹೇಳಬೇಕಾಗಿಲ್ಲ. ಪಾಳಿಗೆ ಒಬ್ಬರೇ ಸಾಕು ಅಂದುಕೊಂಡರೂ ನಾಲ್ವರಿಗಿಂತ ಜಾಸ್ತಿ ಬೇಕು. ಮೂರೂ ಹುದ್ದೆ ಭರ್ತಿ ಆದರೂ ಬೋರ್ಡಿನಲ್ಲಿ ಬರೆದ 24 ಗಂಟೆ ನಡೆಯುವುದಿಲ್ಲ.

ಈ ಬಗೆಯ ಲೆಕ್ಕಕ್ಕೆ ವಿಶ್ವ ಆರೋಗ್ಯ ಸಂಸ್ಥೆಯದೇ ಒಂದು ವಿಧಾನ ಇದೆ. ವಿಸ್ನ್ ಅಂತ ಕರೆಯುತ್ತಾರೆ. ಜನಸಂಖ್ಯೆಗೆ ಇಷ್ಟು ಹುದ್ದೆ ಅನ್ನದೆ, ನಿಜವಾಗಿ ಎಷ್ಟು ಹೆರಿಗೆ, ಎಷ್ಟು ಲಸಿಕೆ, ಎಷ್ಟು ಹೊರರೋಗಿಗಳು, ಒಂದೊಂದಕ್ಕೆ ಎಷ್ಟು ಹೊತ್ತು ಅಂತ ನೋಡಿ ಎಷ್ಟು ಜನ ಬೇಕು ಅಂತ ತೆಗೆಯುವುದು. ನಮ್ಮಲ್ಲಿ ಬಯಲು ಪ್ರದೇಶದಲ್ಲಿ 30,000 ಜನಕ್ಕೆ ಒಂದು ಪಿಎಚ್‌ಸಿ, 5,000 ಜನಕ್ಕೆ ಒಂದು ಉಪಕೇಂದ್ರ ಅನ್ನುವ ನಿಯಮ. ಗುಳೆ ಹೋಗುವ ಊರುಗಳಿಗೆ ಆ ನಿಯಮ ಸರಿಯಾಗಿ ಹೊಂದುವುದಿಲ್ಲ. ದೇವದುರ್ಗ, ಲಿಂಗಸುಗೂರು ಕಡೆ ಸುಗ್ಗಿ ಮುಗಿದ ಮೇಲೆ ಓಣಿಗಳೇ ಖಾಲಿ. ಜನ ತಿರುಗಿ ಬಂದಾಗ, ಚೊಚ್ಚಲ ಹೆರಿಗೆಗೆ ಹೆಣ್ಣುಮಕ್ಕಳು ತವರಿಗೆ ಬಂದಾಗ ಕೆಲಸ ಒಮ್ಮೆಗೇ ಏರುತ್ತದೆ. ಸಿಂಧನೂರಿನಲ್ಲಿ ಕ್ಯಾಂಪು ಅಂತ ಕರೆಯುವ ಊರುಗಳಲ್ಲಿ ಭತ್ತದ ನಾಟಿ ಹೊತ್ತಿಗೆ ಹೊರಗಿನ ಕೂಲಿಗಳು ಬರುತ್ತಾರೆ. ಅವರ ಹೆಸರು ನಿಮ್ಮ ಊರಿನ ಜನಗಣತಿಯಲ್ಲಿ ಇಲ್ಲ, ಕಾಯಿಲೆ ಮಾತ್ರ ನಿಮ್ಮ ಸಿಸ್ಟರ್ ಮುಂದೆ ಬರುತ್ತದೆ. ಇದನ್ನು ತೋರಿಸಲು ತಿಂಗಳುವಾರು ಹೆರಿಗೆ ಮತ್ತು ಹೊರರೋಗಿಗಳ ಅಂಕಿ ಸಾಕು. ಅದು ಈಗಲೂ ಪಿಎಚ್‌ಸಿಯಲ್ಲೇ ಇದೆ.

ಎಣಿಕೆಯ ಜೊತೆ ಜೋಡಿಯನ್ನೂ ನೋಡಬೇಕು. ನಿಮ್ಮಲ್ಲಿಂದ 108 ಹೋದದ್ದು ತಾಲ್ಲೂಕು ಆಸ್ಪತ್ರೆಗೆ ಅಂತ ಇಟ್ಟುಕೊಳ್ಳಿ. ಸಿಸೇರಿಯನ್ ಆಗಬೇಕಾದರೆ ಸ್ತ್ರೀರೋಗ ತಜ್ಞರೂ ಬೇಕು, ಅರಿವಳಿಕೆ ತಜ್ಞರೂ ಬೇಕು. ಒಂದು ತಾಲ್ಲೂಕಿನಲ್ಲಿ ಇವರಿದ್ದು ಅವರಿಲ್ಲ, ಪಕ್ಕದ ತಾಲ್ಲೂಕಿನಲ್ಲಿ ಅವರಿದ್ದು ಇವರಿಲ್ಲ ಅಂದರೆ ಪಟ್ಟಿಯಲ್ಲಿ ಇಬ್ಬರು ತಜ್ಞರು, ಆಪರೇಷನ್ ಮಾತ್ರ ಒಂದು ಕಡೆಯೂ ಇಲ್ಲ. ಎತ್ತಿನ ಜೋಡಿಯಲ್ಲಿ ಒಂದೊಂದನ್ನು ಒಂದೊಂದು ಹೊಲದಲ್ಲಿ ಕಟ್ಟಿದಂತೆ. ನಡುವೆ ಹೆಂಗಸು ಆಂಬುಲೆನ್ಸಿನಲ್ಲಿ ರಾಯಚೂರಿಗೋ ಬಳ್ಳಾರಿಗೋ ಹೋಗಬೇಕು. ಜಿಲ್ಲಾ ಆರೋಗ್ಯಾಧಿಕಾರಿಯ ಮುಂದೆ ಎಲ್ಲ ತಾಲ್ಲೂಕುಗಳ ತಜ್ಞರು ಒಂದೇ ಪರದೆಯಲ್ಲಿ, ವಿಷಯವಾರು, ಕೆಲಸದ ಜಾಗದ ಸಮೇತ ಕಂಡರೆ ಜೋಡಿ ತಪ್ಪಿದ್ದು ಕಣ್ಣಿಗೆ ಹೊಡೆಯುತ್ತದೆ. ಹೊಸ ನೇಮಕಾತಿ ಇಲ್ಲದೆಯೇ ಸರಿ ಮಾಡಬಹುದಾದ ಕೆಲಸ ಇದು. ಸಿಬ್ಬಂದಿ ಮಾಹಿತಿಯಿಂದ ಬೇಗ ಸಿಗುವ ಲಾಭ ಯಾವುದು ಅಂತ ಕೇಳಿದರೆ ನಾನು ಇದನ್ನೇ ಮೊದಲು ಹೇಳುತ್ತೇನೆ. ಹಾಗೆಯೇ ಹೆರಿಗೆ ಮಾಡಿಸುವ ಎಸ್‌ಬಿಎ ತರಬೇತಿ ಪಡೆದ ನರ್ಸ್ ಹೆರಿಗೆ ನಡೆಯುವ ಕಡೆ ಇದ್ದಾರಾ ಅನ್ನುವುದೂ ತಿಳಿಯಬೇಕು.

ನೇಮಕಾತಿಗೂ ಈ ಮಾಹಿತಿ ಬೇಕು. ನಮ್ಮ ಕಲ್ಯಾಣ ಕರ್ನಾಟಕ ಭಾಗಕ್ಕೆ ಸಂವಿಧಾನದ 371ಜೆ ವಿಧಿ ಇದೆ. ಸ್ಥಳೀಯರಿಗೆ ಸಿ ಗುಂಪಿನ ಹುದ್ದೆಗಳಲ್ಲಿ 80 ಶೇಕಡಾ, ಡಿ ಗುಂಪಿನಲ್ಲಿ 85 ಶೇಕಡಾ ಮೀಸಲು. ಹುಟ್ಟಿ ಬೆಳೆದ ಕಡೆಯೇ ಕೆಲಸ ಸಿಕ್ಕವರು ಅಲ್ಲಿ ನಿಲ್ಲುವುದು ಜಾಸ್ತಿ. ಹಳ್ಳಿ ಮೂಲದ ಮಕ್ಕಳಿಗೆ ಕೋರ್ಸುಗಳಲ್ಲಿ ಜಾಗ ಕೊಡಿ ಅಂತ ವಿಶ್ವ ಆರೋಗ್ಯ ಸಂಸ್ಥೆಯೂ 2010ರಿಂದ ಹೇಳುತ್ತಿದೆ. ಆದರೆ ಯಾವ ಕೇಂದ್ರದಲ್ಲಿ ಯಾರು ಯಾವ ವರ್ಷ ನಿವೃತ್ತಿ ಆಗುತ್ತಾರೆ ಅಂತ ಮೊದಲೇ ಗೊತ್ತಿದ್ದರೆ ತಾನೇ ಹೊತ್ತಿಗೆ ಸರಿಯಾಗಿ ಅರ್ಜಿ ಕರೆಯುವುದು? ನಿವೃತ್ತಿ ಆದ ಮೇಲೆ ಕಡತ ಎದ್ದರೆ ಆ ಕುರ್ಚಿ ವರ್ಷಗಟ್ಟಲೆ ಖಾಲಿ. ಕಡ್ಡಾಯ ಗ್ರಾಮೀಣ ಸೇವೆಯ 2012ರ ಕಾಯ್ದೆಗೆ 2023ರಲ್ಲಿ ತಿದ್ದುಪಡಿ ಆಗಿ, ಖಾಲಿ ಹುದ್ದೆ ಇರುವಷ್ಟು ಹೊಸ ಡಾಕ್ಟರುಗಳನ್ನು ಮಾತ್ರ ಕಳಿಸುತ್ತಾರೆ. ಅಂದರೆ ನಿಮ್ಮ ಖಾಲಿ ಜಾಗ ಪಟ್ಟಿಯಲ್ಲಿ ಭರ್ತಿ ಅಂತ ಕೂತಿದ್ದರೆ ಈ ದಾರಿಯೂ ಮುಚ್ಚಿತು.

ಈಗ ನನಗೆ ತುಂಬಾ ಮುಖ್ಯ ಅನ್ನಿಸುವ ಮಾತು. ಮಾಹಿತಿ ತುಂಬುವವರು ಯಾರು? ಅದೇ ಒಬ್ಬ ಸಿಸ್ಟರ್, ಅದೇ ಆಶಾ. ತಾಯಿ ಮಕ್ಕಳ ಆರ್‌ಸಿಎಚ್ ಪೋರ್ಟಲ್, ಆರೋಗ್ಯ ಕೇಂದ್ರದ ಅಂಕಿಗಳ ಎಚ್‌ಎಂಐಎಸ್, ಲಸಿಕೆಯ ಆ್ಯಪ್, ಜೊತೆಗೆ ರಿಜಿಸ್ಟರುಗಳು. ನಮ್ಮ ರಾಜ್ಯದ ಆಶಾ ಕಾರ್ಯಕರ್ತೆಯರು ತಮ್ಮ ಪ್ರೋತ್ಸಾಹಧನವನ್ನು ಪೋರ್ಟಲ್‌ಗೆ ಜೋಡಿಸಬೇಡಿ ಅಂತ ಬೀದಿಗೆ ಇಳಿದು ಕೇಳಿದ್ದಾರೆ. ಮಾಡಿದ ಕೆಲಸ ಪೋರ್ಟಲ್‌ನಲ್ಲಿ ಕಾಣದಿದ್ದರೆ ಆ ದುಡ್ಡು ಬರುವುದಿಲ್ಲ ಅನ್ನುವುದು ಅವರ ದೂರು. ಊರಿನ ಮಾಹಿತಿ ತರುವವರು ಇವರು, ಅದನ್ನು ಪೋರ್ಟಲ್‌ಗೆ ಏರಿಸುವುದು ಬೇರೆಯವರ ಕೈಯಲ್ಲಿ, ನಷ್ಟ ಇವರಿಗೆ. ಅವರ ಸಿಟ್ಟು ನ್ಯಾಯವಾದದ್ದು. ದಾಖಲೆ ಕೆಲಸಗಾರರ ಮೇಲೆ ಕಣ್ಣಿಡಲು ಮಾತ್ರ ಇದ್ದರೆ ಅದರಲ್ಲಿ ನಿಜ ಬಹಳ ದಿನ ಉಳಿಯುವುದಿಲ್ಲ. ಅದೇ ದಾಖಲೆಯಿಂದ ಸಂಬಳ ಹೊತ್ತಿಗೆ ಬಂದರೆ, ಹಳ್ಳಿಯಲ್ಲಿ ಮಾಡಿದ ಸೇವೆಯ ವರ್ಷಗಳು ವರ್ಗಾವಣೆ ಕೌನ್ಸೆಲಿಂಗ್‌ನಲ್ಲಿ ತಾನಾಗೇ ಎಣಿಕೆಗೆ ಬಂದರೆ, ತರಬೇತಿಗೆ ಸರದಿ ಬಂದದ್ದು ಮೊಬೈಲ್‌ಗೆ ತಿಳಿದರೆ, ಅವರೇ ಅದನ್ನು ಸರಿಯಾಗಿ ಇಟ್ಟುಕೊಳ್ಳುತ್ತಾರೆ. ತಪ್ಪಿದ್ದರೆ ತಿದ್ದಿ ಅಂತ ಅವರೇ ಬೆನ್ನು ಹತ್ತುತ್ತಾರೆ. ಪ್ರತಿ ನೌಕರರಿಗೂ ತಮ್ಮ ದಾಖಲೆ ನೋಡುವ, ತಿದ್ದುಪಡಿ ಕೇಳುವ ಅವಕಾಶ ಇರಲೇಬೇಕು. ಗುತ್ತಿಗೆಯವರಿಗೂ, ಹೊರಗುತ್ತಿಗೆಯವರಿಗೂ.

ನೀವು ಏನು ಕೇಳಬೇಕು ಅಂದಿರಿ. ಮಾಹಿತಿ ಹಕ್ಕು ಕಾಯ್ದೆ 2005ರ ಕಲಂ 4(1)(ಬಿ) ಪ್ರಕಾರ ಪ್ರತಿ ಕಚೇರಿ ತನ್ನ ನೌಕರರ ಪಟ್ಟಿಯನ್ನು ಯಾರೂ ಕೇಳದೆಯೇ ಪ್ರಕಟಿಸಬೇಕು. ಮೊದಲು ಅದನ್ನು ಕೇಳಿ. ಆಮೇಲೆ ತಾಲ್ಲೂಕು ಆರೋಗ್ಯಾಧಿಕಾರಿ ಕಚೇರಿಗೆ ಹತ್ತು ರೂಪಾಯಿ ಶುಲ್ಕದ ಅರ್ಜಿ ಹಾಕಿ. ನಿಮ್ಮ ಪಿಎಚ್‌ಸಿಯ ನರ್ಸ್ ಹುದ್ದೆಗಳ ಮೇಲೆ ಸಂಬಳ ಪಡೆಯುತ್ತಿರುವವರು ಈಗ ಯಾವ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದಾರೆ, ನಿಯೋಜನೆ ಆದೇಶದ ಪ್ರತಿ ಕೊಡಿ, ಅದರ ಅವಧಿ ಯಾವತ್ತಿಗೆ ಮುಗಿಯುತ್ತದೆ ತಿಳಿಸಿ. ಇಷ್ಟೇ ಬರೆಯಿರಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು. 30 ದಿನದೊಳಗೆ ಉತ್ತರ ಬರಬೇಕು. ಯಾರ ಫೋನ್ ನಂಬರ್, ಮನೆ ವಿಳಾಸ, ರಜೆಯ ಕಾರಣ ಇವನ್ನು ಮಾತ್ರ ಕೇಳಬೇಡಿ. ರಾತ್ರಿ ಪಾಳಿಯ ಹೆಣ್ಣುಮಕ್ಕಳ ವಿವರ ಊರಿಗೆಲ್ಲ ಹರಡುವುದು ಅಪಾಯ.

ಮುಂದಿನ ಕೆಡಿಪಿ (ಇಲಾಖೆಗಳ ಪ್ರಗತಿ ಪರಿಶೀಲನೆ) ಸಭೆಗೆ ಬರುವ ಪಟ್ಟಿಯಲ್ಲಿ ಮಂಜೂರು, ಭರ್ತಿ, ಖಾಲಿ ಜೊತೆಗೆ 'ಸ್ಥಳದಲ್ಲಿ ಇರುವವರು' ಅನ್ನುವ ನಾಲ್ಕನೇ ಕಾಲಂ ಹಾಕಿಸಿ. ನಿಮ್ಮ ತಾಲ್ಲೂಕಿನ ಶಾಸಕರ ಮೂಲಕ ಕೇಳಿಸಿದರೆ ಬೇಗ ಆಗುತ್ತದೆ. ಮೇಲಿನ 1,095 ಪಾಳಿಯ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಅದರ ಜೊತೆ ಕೊಡಿ. ಹೋದ ವರ್ಷ ತಿಂಗಳುವಾರು ಎಷ್ಟು ಹೆರಿಗೆ ಆಯಿತು, ರಾತ್ರಿ ಎಷ್ಟು ಜನರನ್ನು ಹೊರಗೆ ಕಳಿಸಬೇಕಾಯಿತು ಅನ್ನುವುದನ್ನು ಆರೋಗ್ಯ ರಕ್ಷಾ ಸಮಿತಿಯ ಸಭೆಯಲ್ಲಿ ರಿಜಿಸ್ಟರ್ ನೋಡಿ ತೆಗೆಯಿರಿ. ಅದಕ್ಕೆ ಸಿಸ್ಟರ್ ಅವರನ್ನೂ ಆಶಾ ಕಾರ್ಯಕರ್ತೆಯರನ್ನೂ ಜೊತೆಗೆ ಕೂಡಿಸಿಕೊಳ್ಳಿ. ಯಾವ ರಾತ್ರಿ ಏನಾಯಿತು ಅನ್ನುವುದು ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ.

ನಿಯೋಜನೆ ಆದೇಶದ ಪ್ರತಿ ಕೈಗೆ ಬಂದ ಮೇಲೆ ಅವಧಿ ಮುಗಿದಿದೆಯಾ ನೋಡಿ. ಮುಗಿದಿದ್ದರೆ ಮೂಲ ಸ್ಥಳಕ್ಕೆ ಮರಳಿ ಕಳಿಸಿ ಅಂತ ಗ್ರಾಮ ಪಂಚಾಯಿತಿ ಸಭೆಯಲ್ಲಿ ನಿರ್ಣಯ ಮಾಡಿ ಜಿಲ್ಲಾ ಪಂಚಾಯಿತಿ ಸಿಇಓ ಅವರಿಗೂ, ಜಿಲ್ಲಾ ಆರೋಗ್ಯಾಧಿಕಾರಿಗಳಿಗೂ ಕಳಿಸಿ. ಮುಗಿದಿಲ್ಲದಿದ್ದರೆ, ಅಲ್ಲಿಯವರೆಗೆ ಬದಲಿಗೆ ಯಾರನ್ನು ಕೊಡುತ್ತೀರಿ ಅಂತ ಬರಹದಲ್ಲಿ ಉತ್ತರ ಕೇಳಿ.